ಮುರಿದ ಕಾಲಿಗೆ ಏಳು ದಿನದ ಲೆಕ್ಕವೆ?

ಕೂಡ್ಲಿಗಿಯ ಹೆದ್ದಾರಿಯ ಬದಿಯಲ್ಲಿ ರಾತ್ರಿ ಹೊತ್ತು ನಿಂತು ನೋಡಿದವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚಿತ್ರದುರ್ಗದ ಕಡೆಯಿಂದ ಹೊಸಪೇಟೆಗೆ ಲಾರಿಗಳ ಸಾಲು. ಅದರ ಮಗ್ಗುಲಲ್ಲೇ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುವ ಗಿರಣಿಯ ಆಳು, ಸಂತೆ ಮುಗಿಸಿ ಗಂಟು ಕಟ್ಟಿಕೊಂಡು ಹೊರಟ ಸಣ್ಣ ವ್ಯಾಪಾರಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ರಸ್ತೆಗಳದೂ ಇದೇ ಕಥೆ. ಡಿಕ್ಕಿಯಾದಾಗ ಬೈಕಿನವನ ಕಣಕಾಲು ಎರಡು ಕಬ್ಬಿಣಗಳ ನಡುವೆ ಸಿಕ್ಕಿ ನುಗ್ಗಾಗುತ್ತದೆ.

ಮೊಣಕಾಲಿನಿಂದ ಹರಡಿನವರೆಗೆ ನಿಮ್ಮ ಕಾಲನ್ನು ನೀವೇ ಮುಂಭಾಗದಲ್ಲಿ ಸವರಿ ನೋಡಿ. ಮೂಳೆಗೂ ಕೈಗೂ ನಡುವೆ ತೊಗಲು ಬಿಟ್ಟರೆ ಬೇರೇನೂ ಇಲ್ಲ. ತೊಡೆಯ ಮೂಳೆಗೆ ಸುತ್ತ ಮಾಂಸದ ಕಾವಲಿದೆ. ಕಣಕಾಲ ಮೂಳೆಗೆ ಅದಿಲ್ಲ. ಮುರಿದರೆ ತೊಗಲನ್ನು ಹರಿದುಕೊಂಡು ಹೊರಗೇ ಬರುತ್ತದೆ, ರಸ್ತೆಯ ಮಣ್ಣೂ ಸೆಗಣಿಯೂ ಒಳಗೆ ಹೋಗುತ್ತದೆ. ಆ ಮೂಳೆಗೆ, ಅದರಲ್ಲೂ ಕೆಳಗಿನ ಭಾಗಕ್ಕೆ, ರಕ್ತದ ಪೂರೈಕೆಯೂ ಕಡಿಮೆ. ಕೀವು ಹಿಡಿಯಲು ಇನ್ನೇನು ಬೇಕು?

ಇಂಥ ಕಾಲಿಗೆ ಸರ್ಕಾರ ಇಟ್ಟಿರುವ ಲೆಕ್ಕ ನೋಡೋಣ. 2016ರಲ್ಲಿ ರಾಜ್ಯ ಸರ್ಕಾರ ಹರೀಶ್ ಸಾಂತ್ವನ ಯೋಜನೆ ತಂದಿತು: ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದಿಲ್ಲದ ಚಿಕಿತ್ಸೆಯ ಯೋಜನೆ ತಂದಿತು: ಏಳು ದಿನ, ಒಂದೂವರೆ ಲಕ್ಷದವರೆಗೆ. ಎರಡೂ ಒಳ್ಳೆಯವೇ, ಪ್ರಾಣ ಉಳಿಸುವಂಥವೇ. ಇವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಕೀವು ಹಿಡಿದ ಕಣಕಾಲ ಮೂಳೆ ಏಳು ದಿನದಲ್ಲಿ ಕೂಡುವುದಿಲ್ಲ, ಏಳು ತಿಂಗಳಲ್ಲೂ ಕೂಡದೆ ಇರಬಹುದು. ಆಸ್ಪತ್ರೆಯ ಖರ್ಚಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದೂ ಆಸ್ಪತ್ರೆಗೆ ಹೋಗುವ ಹಣ. ಮನೆಯ ಒಲೆಗೆ?

ಚಿಕಿತ್ಸೆ ಯಾಕೆ ಅಷ್ಟು ದೀರ್ಘ ಎಂಬುದನ್ನು ಕೆಲಸಗಾರರು ತಿಳಿದುಕೊಳ್ಳಬೇಕು. ತಿಳಿಯದೆ ನಡುವೆ ಬಿಟ್ಟವರೇ ಕಾಲು ಕಳೆದುಕೊಳ್ಳುತ್ತಾರೆ. ಸೋಂಕು ಹಿಡಿದ ಮೂಳೆಯ ತುಂಡು ಸಾಯುತ್ತದೆ. ಸತ್ತ ಮೂಳೆಯಲ್ಲಿ ರಕ್ತ ಹರಿಯುವುದಿಲ್ಲ, ರಕ್ತ ಹರಿಯದ ಕಡೆಗೆ ಔಷಧವೂ ಮುಟ್ಟುವುದಿಲ್ಲ. ಒಳಗೆ ಹಾಕಿದ ಪ್ಲೇಟಿನ ಮೇಲೆ ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡು ಅದರ ಮರೆಯಲ್ಲಿ ಬದುಕುತ್ತವೆ. ಆದ್ದರಿಂದ ಎಷ್ಟು ಗುಳಿಗೆ ನುಂಗಿದರೂ ಗಾಯ ಮುಚ್ಚುತ್ತದೆ, ತಿಂಗಳು ಬಿಟ್ಟು ಮತ್ತೆ ಸೋರುತ್ತದೆ. ಸತ್ತ ಮೂಳೆಯನ್ನು ಪೂರಾ ತೆಗೆಯದೆ ಗತಿಯಿಲ್ಲ. ಎಲ್ಲಿಯವರೆಗೆ ಕೊರೆಯಬೇಕು? ಮೂಳೆಯ ಮೈಯಲ್ಲಿ ಖಾರದಪುಡಿ ಉದುರಿಸಿದಂತೆ ರಕ್ತದ ಚುಕ್ಕಿಗಳು ಕಾಣುವವರೆಗೆ. ಶಸ್ತ್ರವೈದ್ಯರ ಪುಸ್ತಕದಲ್ಲೂ ಹೋಲಿಕೆ ಮೆಣಸಿನಪುಡಿಯದೇ.

ಹೀಗೆ ತೆಗೆದಾಗ ಐದಾರು ಸೆಂಟಿಮೀಟರ್ ಮೂಳೆಯೇ ಇಲ್ಲದಂತಾಗುತ್ತದೆ. ಈ ಖಾಲಿ ತುಂಬುವ ಒಂದು ದಾರಿಯನ್ನು ಫ್ರಾನ್ಸಿನ ಮಾಸ್ಕೆಲೆ ಎಂಬ ವೈದ್ಯರು 1980ರ ದಶಕದಲ್ಲಿ ತೋರಿಸಿದರು. ಖಾಲಿ ಜಾಗದಲ್ಲಿ ಮೂಳೆಸಿಮೆಂಟಿನ ಗಟ್ಟಿ ಇಟ್ಟು ಆರೆಂಟು ವಾರ ಕಾಯುವುದು. ಅದರ ಸುತ್ತ ದೇಹವೇ ಒಂದು ಪೊರೆ ಕಟ್ಟುತ್ತದೆ. ಆಮೇಲೆ ಗಟ್ಟಿಯನ್ನು ತೆಗೆದು ಸೊಂಟದ ಮೂಳೆಯ ಚೂರುಗಳನ್ನು ಆ ಪೊರೆಯೊಳಗೆ ತುಂಬುವುದು.

ಇನ್ನೊಂದು ದಾರಿ ಸೈಬೀರಿಯದ ಕುರ್ಗಾನ್ ಎಂಬ ದೂರದ ಊರಿನದು. ಯುದ್ಧದಲ್ಲಿ ಕಾಲು ಮುರಿದುಕೊಂಡು ಬಂದ ಸಿಪಾಯಿಗಳು ತುಂಬಿದ್ದ ಆ ಸೀಮೆಯಲ್ಲಿ ಗವ್ರೀಲ್ ಇಲಿಜಾರೊವ್ ಎಂಬ ವೈದ್ಯರು 1950ರ ದಶಕದ ಆರಂಭದಲ್ಲಿ ಲೋಹದ ಉಂಗುರಗಳನ್ನು ಕಾಲಿನ ಸುತ್ತ ನಿಲ್ಲಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿದ ತಂತಿಗಳಿಂದ ಮೂಳೆಯನ್ನು ಹಿಡಿದರು. ಸೋಂಕಿನಿಂದ ದೂರದಲ್ಲಿ, ಒಳ್ಳೆಯ ಮೂಳೆಯಲ್ಲಿ ಹೊಸದೊಂದು ಕೊಯ್ತ ಮಾಡಿ, ಕೆಲ ದಿನ ಕಾದು, ಆ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಖಾಲಿ ಜಾಗದ ಕಡೆಗೆ ಸರಿಸುವುದು. ಸರಿದ ತುಂಡಿನ ಬೆನ್ನ ಹಿಂದೆ ಹೊಸ ಮೂಳೆ ತಾನೇ ಬೆಳೆಯುತ್ತದೆ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ 1965ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡು, ಹಲವು ಶಸ್ತ್ರಕ್ರಿಯೆಗಳಿಂದಲೂ ವಾಸಿಯಾಗದೆ, 1968ರಲ್ಲಿ ಕುರ್ಗಾನಿಗೆ ಹೋದರು, ಮತ್ತೆ ಜಿಗಿದರು. ಪಶ್ಚಿಮ ಯುರೋಪಿನ ವೈದ್ಯರು ಈ ವಿದ್ಯೆಗೆ ಕಿವಿಗೊಟ್ಟದ್ದು 1981ರಲ್ಲಿ, ಇಟಲಿಯಲ್ಲಿ ಅವರ ಉಪನ್ಯಾಸ ಕೇಳಿದ ಮೇಲೆ. ಈಗ ಉಂಗುರ, ತಂತಿಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ.

ಈಗ ಲೆಕ್ಕ ಹಾಕಿ. ಆರು ಸೆಂಟಿಮೀಟರ್ ಎಂದರೆ ಅರವತ್ತು ಮಿಲಿಮೀಟರ್. ಸರಿಸುವುದಕ್ಕೇ ಅರವತ್ತು ದಿನ. ಬೆಳೆದ ಎಳೆಯ ಮೂಳೆ ಗಟ್ಟಿಯಾಗಲು ಅದರ ಮೂರು ನಾಲ್ಕು ಪಟ್ಟು. ಉಂಗುರ ಕಾಲಿನ ಮೇಲೆ ಎಂಟು ಹತ್ತು ತಿಂಗಳಾದರೂ ಇರುತ್ತದೆ. ಆ ಮಿಲಿಮೀಟರನ್ನು ಒಂದೇ ಸಲ ಎಳೆಯುವಂತಿಲ್ಲ, ದಿನಕ್ಕೆ ನಾಲ್ಕು ಸಲ ಕಾಲುಭಾಗದಂತೆ ನಟ್ಟು ತಿರುಗಿಸಬೇಕು. ತಿರುಗಿಸುವವರು ವೈದ್ಯರಲ್ಲ, ರೋಗಿ, ಇಲ್ಲವೆ ಅವನ ಹೆಂಡತಿ, ಮನೆಯಲ್ಲಿ, ಕೈಯಲ್ಲೊಂದು ಸ್ಪ್ಯಾನರ್ ಹಿಡಿದು. ತಂತಿ ತೊಗಲಿಗೆ ಇಳಿದ ಕಡೆಯಲ್ಲೆಲ್ಲ ಸ್ವಚ್ಛ ಮಾಡಬೇಕು. ಬೀಡಿ ಬಿಡಬೇಕು, ಹೊಗೆ ಮೂಳೆ ಕೂಡುವುದನ್ನು ತಡೆಯುತ್ತದೆ. ಬಳ್ಳಾರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಮತ್ತೆ ಮತ್ತೆ ಹೋಗಿ ತೋರಿಸಬೇಕು. ಉಂಗುರ ಹೊತ್ತ ಕಾಲನ್ನು ತುಂಬಿದ ಬಸ್ಸಿನಲ್ಲಿ ಎಲ್ಲಿಡುವುದು?

ಕಾಲು ಉಳಿಸುವುದೇ ಸದಾ ಸರಿ ಎಂದು ನಾವು ಹೇಳುತ್ತಿಲ್ಲ. ಅಮೆರಿಕದ ಎಂಟು ದೊಡ್ಡ ಆಸ್ಪತ್ರೆಗಳ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಾಲು ಕಡಿಸಿಕೊಂಡವರೂ ಉಳಿಸಿಕೊಂಡವರೂ ಎರಡು ವರ್ಷದ ಮೇಲೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಚೇತರಿಕೆಗೆ ಅಡ್ಡ ಬಂದ ಸಂಗತಿಗಳ ಪಟ್ಟಿಯಲ್ಲಿ ಬಡತನ ಇತ್ತು, ನೆರವಿಗೆ ಜನ ಇಲ್ಲದಿರುವುದಿತ್ತು, ಧೂಮಪಾನವಿತ್ತು. ವೈದ್ಯರು ಅಂಕಿಗಳಲ್ಲಿ ಕಂಡದ್ದನ್ನು ನಮ್ಮ ಹಮಾಲರು ಮೈಯಲ್ಲಿ ಅನುಭವಿಸಿದ್ದಾರೆ.

ಇ.ಎಸ್.ಐ.ನಲ್ಲಿ ಹೆಸರಿದ್ದರೆ ಸ್ವಲ್ಪ ದಾರಿಯುಂಟು, ಇದನ್ನು ಗಿರಣಿಯ ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಲಿ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ, ಕೂಲಿಯ ನೂರಕ್ಕೆ 70. ಆದರೆ ಕೂಡದ ಮುರಿತವೂ, ಗಾಯ ತೆರೆದು ಮೂಳೆಗೆ ಕೀವು ಹಿಡಿದ ಮುರಿತವೂ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿವೆ. ಸಾಕಷ್ಟು ದಿನ ವಂತಿಗೆ ಕಟ್ಟಿದವರಿಗೆ ನೂರಕ್ಕೆ 80, ಗರಿಷ್ಠ ಎರಡು ವರ್ಷದವರೆಗೆ ಸಿಗಬಹುದು. ಕೆಲಸಕ್ಕೆ ಹೋಗುವಾಗ ಬರುವಾಗ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ತೋರಿಸಿದರೆ, 2010ರ ತಿದ್ದುಪಡಿ ಕೆಲಸದ ಗಾಯವೆಂದೇ ಎಣಿಸಿತು. ಅದಕ್ಕೆ ನೂರಕ್ಕೆ 90. ಮೇಸ್ತ್ರಿಯೊಬ್ಬ ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದಿದ್ದರೆ ಇದೆಲ್ಲ ನೀರಮೇಲಿನ ಬರಹ. ಹತ್ತಿ ಗಿರಣಿ, ಎಣ್ಣೆ ಗಿರಣಿಗಳ ಹಂಗಾಮಿ ಆಳುಗಳು ಕೇಳಿ ನೋಡಲಿ. ಸಣ್ಣ ವ್ಯಾಪಾರಿಗಂತೂ ಹಾಜರಿ ಪುಸ್ತಕವೇ ಇಲ್ಲ. ಅವನಿಗೆ ಉಳಿದದ್ದು ಮೋಟಾರು ಅಪಘಾತ ನ್ಯಾಯಮಂಡಳಿ. 2022ರಿಂದ ಅಲ್ಲಿಯೂ ಕಾನೂನು ಆರು ತಿಂಗಳ ಗಡುವು ಹಾಕಿದೆ. ಕಾಲು ಉಂಗುರದಲ್ಲಿರುವಾಗಲೇ ಅರ್ಜಿ ಬರೆಯಿಸಬೇಕು.

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಈ ಐದೂ ತಾಲ್ಲೂಕುಗಳಿಗೆ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ನಮ್ಮ ಬೇಡಿಕೆ ದೊಡ್ಡದೇನಲ್ಲ. ಉಂಗುರ ಕಾಲಿನಲ್ಲಿರುವಷ್ಟು ಕಾಲ, ಇ.ಎಸ್.ಐ. ಇಲ್ಲದವರಿಗೂ ತಿಂಗಳ ಜೀವನಾಧಾರ; ತೋರಿಸಲು ಹೋಗುವ ದಿನ ಬಸ್ಸಿನ ಚಾರ್ಜು; ಸ್ವಚ್ಛಗೊಳಿಸುವ ಬಟ್ಟೆ, ಔಷಧ ಊರಿನ ಆರೋಗ್ಯ ಕೇಂದ್ರದಲ್ಲೇ.

ಇವೆಲ್ಲಕ್ಕೂ ಮುಂಚಿನದು ಮೊದಲ ದಿನದ ಕೆಲಸ. ತೆರೆದ ಮುರಿತಕ್ಕೆ ಮೊದಲ ಗಂಟೆಗಳಲ್ಲೇ ಸೋಂಕುನಿವಾರಕ ಸೂಜಿ ಬೀಳಬೇಕು, ಗಾಯವನ್ನು ಧಾರಾಳ ಉಪ್ಪುನೀರಿನಲ್ಲಿ ತೊಳೆದು ಸತ್ತ ಮಾಂಸ ತೆಗೆಯಬೇಕು, ಕೆಲವೇ ದಿನಗಳಲ್ಲಿ ತೊಗಲ ಹೊದಿಕೆ ಆಗಬೇಕು. ಅದು ಆದರೆ ಮೇಲೆ ಹೇಳಿದ ವರ್ಷದ ಪಾಡು ಅನೇಕರಿಗೆ ತಪ್ಪುತ್ತದೆ. ಪುತ್ತೂರು ಕಟ್ಟಿನ ಮೇಲೆ ನಮ್ಮವರಿಗೆ ಬಹಳ ನಂಬಿಕೆ. ಆದರೆ ತೊಗಲು ಹರಿದ ಮುರಿತದ ಮೇಲೆ ಬಿಗಿಯಾಗಿ ಕಟ್ಟು ಹಾಕಿಸಿದರೆ ಕೀವು ಒಳಗೇ ಉಳಿಯುತ್ತದೆ, ಕಾಲು ಕೊಳೆಯುವುದೂ ಉಂಟು. ಹಾಗೆಂದು ಕಟ್ಟಿನವನ ಬಾಗಿಲಿಗೆ ಹೋದವನನ್ನು ಬೈದು ಫಲವಿಲ್ಲ, ಎದುರಿಗಿನ ಬಾಗಿಲು ರಾತ್ರಿ ತೆರೆದಿತ್ತೆ ಎಂದೂ ಕೇಳಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಓದುಗರು ಇದನ್ನೇ ಇಡಲಿ: ಭಾನುವಾರ ರಾತ್ರಿ ಹತ್ತು ಗಂಟೆಗೆ ಮೂಳೆ ಹೊರಬಂದ ಕಾಲೊಂದು ಬಾಗಿಲಿಗೆ ಬಂದರೆ, ಆ ಗಾಯ ತೊಳೆಯುವವರು ಯಾರು, ಸೂಜಿಯ ಔಷಧ ಯಾವ ಕಪಾಟಿನಲ್ಲಿದೆ, ಅದರ ಬೀಗದ ಕೈ ಯಾರ ಬಳಿ?