ಸೆರಾಮಿಕ್ ಅಂದ್ರೆ ಬರೀ ಪಿಂಗಾಣೀನಾ?

ನಮ್ಮ ಸಂಘ ಮಾಡ್ತಿರೋ ಇಂಜಿನಿಯರಿಂಗ್ ಪದಪಟ್ಟಿಯಲ್ಲಿ 'ಸೆರಾಮಿಕ್' ಎದುರು 'ಪಿಂಗಾಣಿ' ಅಂತ ಒಂದೇ ಪದ ಕೂತಿದೆ. ಅದನ್ನು ಬದಲಾಯಿಸಲೇಬೇಕು ಅನ್ನೋದು ನಮ್ಮ ವಾದ.

ಪಿಂಗಾಣಿ ಚೆಂದದ ಪದ, ಅದರ ಮೇಲೆ ನಮಗೇನೂ ಕೋಪ ಇಲ್ಲ. ಉಪ್ಪಿನಕಾಯಿ ಜಾಡಿ, ಕಪ್ಪು-ಸಾಸರ್, ಹಳೇ ಮನೆಗಳ ಫ್ಯೂಸ್ ಕಟೌಟ್ ಎಲ್ಲಾ ಪಿಂಗಾಣಿಯೇ. ಆದರೆ ಬೈಕಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ ಪಿಂಗಾಣಿ ಥರ ಕಂಡ್ರೂ ಅದು ಅಲ್ಯೂಮಿನಾ. ವರ್ಕ್‌ಶಾಪಿನ ಗ್ರೈಂಡಿಂಗ್ ವೀಲಲ್ಲಿ ಸಿಲಿಕಾನ್ ಕಾರ್ಬೈಡ್, ಹಲ್ಲಿನ ಕ್ಯಾಪಲ್ಲಿ ಜಿರ್ಕೋನಿಯಾ, ಮೊಬೈಲ್ ಬೋರ್ಡಿನ ನೂರಾರು ಪುಟಾಣಿ ಕೆಪಾಸಿಟರ್‌ಗಳಲ್ಲಿ ಬೇರಿಯಂ ಟೈಟನೇಟ್. ಇವೆಲ್ಲ ಸೆರಾಮಿಕ್. ಯಾವುದನ್ನಾದ್ರೂ ಪಿಂಗಾಣಿ ಅನ್ನೋಕೆ ಬಾಯಿ ಬರುತ್ತಾ? ಪಿಂಗಾಣಿಯಲ್ಲಿ ಕರೆಂಟ್ ಹರಿಯಲ್ಲ ಅಂತ ಓದಿಕೊಂಡು ಬಂದವರಿಗೆ 1987ರ ಯಿಟ್ರಿಯಂ ಬೇರಿಯಂ ಕಾಪರ್ ಆಕ್ಸೈಡ್ ಬಗ್ಗೆ ಏನು ಹೇಳೋಣ? ಅದೂ ಸೆರಾಮಿಕ್ಕೇ, ಆದರೆ 90 ಕೆಲ್ವಿನ್ ಸುತ್ತಮುತ್ತ ತಣ್ಣಗಾದ್ರೆ ಸೂಪರ್‌ಕಂಡಕ್ಟರ್!

ಅಂಗಡಿಗಳಲ್ಲಿ ಬೇರೆಯದೇ ಗೊಂದಲ. "ಸೆರಾಮಿಕ್ ಬೇಕಾ, ವಿಟ್ರಿಫೈಡ್ ಬೇಕಾ?" ಅಂತ ಟೈಲ್ಸ್ ಅಂಗಡಿಯವರು ಕೇಳ್ತಾರೆ, ಎರಡೂ ಬೇರೆ ಜಾತಿ ಅನ್ನೋ ಹಾಗೆ. ವಿಟ್ರಿಫೈಡ್ ಕೂಡ ಸೆರಾಮಿಕ್ಕೇ. ಹೆಚ್ಚು ಬಿಸಿಯಲ್ಲಿ ಸುಟ್ಟು, ಒಳಗಿನ ಸಣ್ಣ ತೂತುಗಳು ಮುಚ್ಚಿ, ನೀರು ಹೀರೋದು ಕಡಿಮೆ ಆಗಿರುತ್ತೆ, ಅಷ್ಟೇ.

ಇನ್ನು ಟೆಕ್ಸ್ಟ್‌ಬುಕ್ಕಿನ ವ್ಯಾಖ್ಯೆ. 'ನಿರವಯವ, ಅಲೋಹ ಘನವಸ್ತು.' ಏನಲ್ಲ ಅಂತ ಹೇಳುತ್ತೆ, ಏನು ಅಂತ ಹೇಳಲ್ಲ. ಅಲ್ಯೂಮಿನಾದಲ್ಲಿ ಅಲ್ಯೂಮಿನಿಯಂ ಇದೆಯಲ್ಲ, ಮತ್ತೆ ಅಲೋಹ ಹೇಗೆ ಅನ್ನೋ ಪ್ರಶ್ನೆ ಯಾರಿಗಾದ್ರೂ ಬರಬೇಕು. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ಇಲ್ಲಿ ಆಕ್ಸಿಜನ್ ಅವನ್ನು ಹಿಡಿದಿಟ್ಟುಕೊಂಡಿದೆ. ಹಾಗಾಗಿ ವಸ್ತು ಗಟ್ಟಿ, ಬಿಸಿ ತಡೆಯುತ್ತೆ, ಆದರೆ ಬಗ್ಗಲ್ಲ. ಪೆಟ್ಟು ಬಿದ್ರೆ ಸೀಳುತ್ತೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನೋ ಗಾದೆಗಿಂತ ಚೆನ್ನಾಗಿ ಬ್ರಿಟಲ್ ಫ್ರ್ಯಾಕ್ಚರ್ ವಿವರಿಸೋ ಸಾಲು ನಮ್ಮ ಯಾವ ನೋಟ್ಸಲ್ಲೂ ಇಲ್ಲ. ವೈವಾದಲ್ಲಿ ಈ ಗಾದೆ ಹೇಳೋ ಧೈರ್ಯ ನಮಗಿಲ್ಲ. ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಡೆಫಿನಿಷನ್ ಉರು ಹೊಡೆದು ಪಾಸಾಗ್ತೀವಿ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ವಿಷಯ ಗೊತ್ತಿದ್ರೂ ಪದಕ್ಕೆ ತಡವರಿಸಿ ಸುಮ್ಮನಾಗ್ತಾರೆ. ಪದಪಟ್ಟಿ ಬೇಕಿರೋದು ಅವರಿಗೆ, ಅದರಲ್ಲೇ ತಪ್ಪಿದ್ರೆ ಹೇಗೆ?

ಹಾಗಂತ ಸಂಸ್ಕೃತದಿಂದ ನಾಲಿಗೆ ಹೊರಳದ ಹೊಸ ಪದ ಕಟ್ಟೋದಕ್ಕೂ ನಮ್ಮ ಒಪ್ಪಿಗೆ ಇಲ್ಲ. ಇಂಗ್ಲಿಷಿನವರೇನು ಹೊಸ ಪದ ಕಟ್ಟಿದ್ರಾ? ಗ್ರೀಕಿನ 'ಕೆರಾಮೋಸ್' ಅಂದ್ರೆ ಕುಂಬಾರರ ಮಣ್ಣು, ಮಡಕೆ. ಬೆಂಗಳೂರಲ್ಲಿ ಕುಂಬಾರಪೇಟೆ ಇರೋ ಹಾಗೆ ಅಥೆನ್ಸಲ್ಲಿ ಕುಂಬಾರರಿದ್ದ ಜಾಗದ ಹೆಸರು ಕೆರಾಮೈಕೋಸ್. ಆ ಮಡಕೆಯ ಪದವನ್ನೇ ಎಳೆದು ಎಳೆದು ರಾಕೆಟ್ಟಿನ ತನಕ ತಂದ್ರು. ನಾವು ಮಾತ್ರ ಆವಿಗೆ, ಹಂಚು, ಮಡಕೆ ಅಂದ್ರೆ ಹಳ್ಳಿ ಮಾತು, ಸೆರಾಮಿಕ್ ಅಂದ್ರೆ ಸೈನ್ಸು ಅಂದುಕೊಂಡಿದ್ದೀವಿ. ಪುಡಿಗೆ ಆಕಾರ ಕೊಟ್ಟು, ಕರಗದ ಹಾಗೆ ಸುಟ್ಟು, ಕಣಗಳನ್ನು ಬೆಸೆಯೋದಕ್ಕೆ ಸಿಂಟರಿಂಗ್ ಅಂತೀವಿ. ಕುಂಬಾರರು ಆವಿಗೆಯಲ್ಲಿ ಮಾಡೋದೂ ಹೆಚ್ಚುಕಡಿಮೆ ಇದನ್ನೇ, ಬಿಸಿ ಮಾತ್ರ ಕಡಿಮೆ.

ಸಿಮೆಂಟ್ ಗಟ್ಟಿಯಾಗೋದು ನೀರಲ್ಲಿ ಅಲ್ವಾ, ಅದು ಹೇಗೆ ಸೆರಾಮಿಕ್ ಅಂತ ಸಿವಿಲ್‌ನವರು ಕೇಳ್ತಾರೆ. ಅದರ ಕ್ಲಿಂಕರ್ 1450 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸುಟ್ಟು ಬಂದಿದ್ದೇ ಸ್ವಾಮಿ. ಸುಡದೆ ಮಾಡೋ ಸೆರಾಮಿಕ್ ಕೋಟಿಂಗ್‌ಗಳೂ ಇವೆ, ಒಪ್ತೀವಿ.

ಪಟ್ಟಿಗೆ ನಾವು ಕಳಿಸಿರೋ ಸಾಲು ಇದು: 'ಸೆರಾಮಿಕ್ – ಸಾಮಾನ್ಯವಾಗಿ ಪುಡಿಯನ್ನು ಸುಟ್ಟು ಗಟ್ಟಿ ಮಾಡಿದ, ಲೋಹವಲ್ಲದ ನಿರವಯವ ವಸ್ತು. ಉದಾ: ಮಡಕೆ, ಹಂಚು, ಪಿಂಗಾಣಿ, ಅಲ್ಯೂಮಿನಾ.' ಮಡಕೆಯನ್ನು ಮೊದಲು ಹಾಕಿರೋದು ಬೇಕಂತಲೇ. ಇದಕ್ಕಿಂತ ಒಳ್ಳೇ ಸಾಲು ನಿಮ್ಮ ಹತ್ರ ಇದ್ರೆ ಪಟ್ಟಿ ಮುಗಿಯೋದರೊಳಗೆ ಕಳಿಸಿ.