ದಮ್ಮು ಹತ್ತಿದರೆ ವಯಸ್ಸನ್ನು ದೂರಬೇಡಿ

‘ನಲವತ್ತು ದಾಟಿತಲ್ರೀ, ದಮ್ಮು ಹತ್ತೂದ’ ಎಂದು ನಮ್ಮ ರಾಯಬಾಗದ ಅಕ್ಕಂದಿರು ಕೊಡ ಇಳಿಸಿ ಸುಮ್ಮನಾಗುತ್ತಾರೆ. ಸ್ವಲ್ಪ ತಾಳಿ, ಕೆಳರೆಪ್ಪೆಯ ಒಳಭಾಗ ಬಿಳಚಿದೆಯೇ ನೋಡಿಕೊಳ್ಳಿ. ಮುಟ್ಟಿನ ಸ್ರಾವ ಹೆಚ್ಚಿರುವವರಲ್ಲಿ ರಕ್ತಹೀನತೆ ಸಾಮಾನ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ; 100 ಮಿ.ಲೀ. ರಕ್ತದಲ್ಲಿ ಅದು 12 ಗ್ರಾಂ ಆದರೂ ಇರಬೇಕು. ವೈದ್ಯರು ಕಬ್ಬಿಣದ ಗುಳಿಗೆ ಕೊಟ್ಟರೆ ಅದರ ಬೆನ್ನಿಗೇ ಚಹಾ ಕುಡಿಯಬೇಡಿ. ಗುಳಿಗೆ ಮೈಗೆ ಹತ್ತುವುದಿಲ್ಲ.

ರಕ್ತ ಸರಿಯಿದ್ದೂ ದಮ್ಮು ಬರುತ್ತದೆಯೇ? ಒಲೆಯ ಹೊಗೆಯೋ, ನಿಪ್ಪಾಣಿ ಕಡೆಯವರಾದರೆ ತಂಬಾಕಿನ ದೂಳೋ ಕಾರಣವಿದ್ದೀತು. ಪಾದ ಬಾತು, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಹೃದಯದ ತೊಂದರೆ ಇರಬಹುದು. ಅಂದೇ ಡಾಕ್ಟರಲ್ಲಿಗೆ ಹೋಗಿರಿ. ಎದೆ ಹಿಡಿದು ಬೆವರಿದರೆ ಆ ಗಳಿಗೆಯೇ 108ಕ್ಕೆ ಫೋನು ಮಾಡಿಸಿರಿ. ‘ಹಬ್ಬ ಮುಗೀಲಿ’ ಅನ್ನಬ್ಯಾಡ್ರಿ.