ನಕ್ಷತ್ರಗಳನ್ನು ಅಳೆದವರ ಔದಾರ್ಯ

ವಿಜ್ಞಾನದ ಇತಿಹಾಸದಲ್ಲಿ ಕಂಡುಹಿಡಿದವರ ಹೆಸರು ಉಳಿಯುತ್ತದೆ. ಅಳೆದವರ ಹೆಸರು ಬಹುಮಟ್ಟಿಗೆ ಅಳಿಯುತ್ತದೆ. ಗ್ರಹಗಳ ಚಲನೆಯ ನಿಯಮಗಳನ್ನು ನಿರೂಪಿಸಿದ ಕೆಪ್ಲರನನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ದೂರದರ್ಶಕವಿನ್ನೂ ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದಲೇ ದಶಕಗಳ ಕಾಲ ಆಕಾಶವನ್ನು ಅಳೆದು, ಆ ನಿಯಮಗಳಿಗೆ ಆಧಾರವನ್ನೊದಗಿಸಿದ ಟೈಕೋ ಬ್ರಾಹೆಯನ್ನು ಬಲ್ಲವರು ವಿರಳ. ಆದರೆ ಈ ಕಥೆಗೆ ಇನ್ನೊಂದು ಮುಖವೂ ಉಂಟು. ಟೈಕೋ ತನ್ನ ಅಳತೆಗಳನ್ನು ಸುಲಭವಾಗಿ ಬಿಟ್ಟುಕೊಡುವವನಾಗಿರಲಿಲ್ಲ. 1601ರಲ್ಲಿ ಅವನು ತೀರಿಕೊಂಡ ಬಳಿಕವೂ ಆ ದಾಖಲೆಗಳಿಗಾಗಿ ಅವನ ವಾರಸುದಾರರಿಗೂ ಕೆಪ್ಲರನಿಗೂ ನಡುವೆ ತಕರಾರು ನಡೆಯಿತು. ಜ್ಞಾನವು ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ಅದರಿಂದ ಲೋಕಕ್ಕೆ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ, ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಗಾಯಾ ಎಂಬ ವ್ಯೋಮನೌಕೆಯೂ ಅದರ ಹಿಂದೆ ದುಡಿದ ವಿಜ್ಞಾನಿಗಳ ಸಮುದಾಯವೂ ವಿಶೇಷ ಗಮನಕ್ಕೆ ಅರ್ಹವಾಗಿವೆ. ಸುಮಾರು ಇನ್ನೂರು ಕೋಟಿ ನಕ್ಷತ್ರಗಳನ್ನೂ ಇತರ ಆಕಾಶಕಾಯಗಳನ್ನೂ ಅಳೆದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಅಳೆದುದನ್ನು ತಮಗೆಂದು ಕಾದಿಟ್ಟುಕೊಳ್ಳದೆ ಜಗತ್ತಿಗೆ ಕೊಟ್ಟದ್ದು ಅದಕ್ಕಿಂತ ದೊಡ್ಡ ಸಾಧನೆ.

ನಕ್ಷತ್ರದ ದೂರವನ್ನು ತಿಳಿಯುವ ಉಪಾಯ ಸರಳವಾದುದು. ಒಂದು ಬೆರಳನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ತೋರುತ್ತದೆ. ಭೂಮಿಯು ಸೂರ್ಯನನ್ನು ಸುತ್ತುವಾಗ, ಆರು ತಿಂಗಳ ಅಂತರದಲ್ಲಿ ನೋಡಿದರೆ, ಹತ್ತಿರದ ನಕ್ಷತ್ರವೂ ದೂರದ ನಕ್ಷತ್ರಗಳ ಎದುರಿನಲ್ಲಿ ಹಾಗೆಯೇ ಸರಿಯುತ್ತದೆ. ಉಪಾಯ ಸರಳವಾದರೂ ಅಳತೆ ಅತಿ ಕಠಿಣ. ಈ ಸರಿತವನ್ನು ನಂಬಲರ್ಹವಾಗಿ ಅಳೆದು ಜರ್ಮನಿಯ ಬೆಸೆಲ್ ಪ್ರಕಟಿಸಿದ್ದು 1838ರಲ್ಲಿ, ಅದೂ ಒಂದೇ ಒಂದು ನಕ್ಷತ್ರಕ್ಕೆ. ಭೂಮಿಯ ವಾಯುಮಂಡಲವು ನಕ್ಷತ್ರದ ಬಿಂಬವನ್ನು ಸದಾ ನಡುಗಿಸುತ್ತಿರುವುದರಿಂದ ನೆಲದ ಮೇಲೆ ನಿಂತು ಹೆಚ್ಚು ದೂರ ಸಾಗುವುದು ಸಾಧ್ಯವಿರಲಿಲ್ಲ.

ಆದರೂ ಪ್ರಯತ್ನ ನಿಲ್ಲಲಿಲ್ಲ. 1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶವನ್ನು ಛಾಯಾಚಿತ್ರಗಳಲ್ಲಿ ಹಿಡಿದು ಪಟ್ಟಿಮಾಡಲು ನಿಶ್ಚಯಿಸಿ, ಆಕಾಶವನ್ನು ಪಟ್ಟೆಗಳಾಗಿ ಸೀಳಿ ನಾನಾ ದೇಶಗಳ ವೇಧಶಾಲೆಗಳಿಗೆ ಹಂಚಿದರು. ಒಂದು ಪಾಲು ಹೈದರಾಬಾದಿನ ನಿಜಾಮಿಯಾ ವೇಧಶಾಲೆಗೂ ಬಂದಿತು. ಬೀದರ, ಕಲಬುರ್ಗಿ, ರಾಯಚೂರುಗಳನ್ನು ಒಳಗೊಂಡಿದ್ದ ಅಂದಿನ ನಿಜಾಮ ಸಂಸ್ಥಾನದ ಬೊಕ್ಕಸವೇ ಆ ಕೆಲಸಕ್ಕೆ ಹಣವೊದಗಿಸಿತು. ಗಾಜಿನ ಫಲಕಗಳ ಮೇಲಿನ ಲಕ್ಷಾಂತರ ಚುಕ್ಕೆಗಳನ್ನು ಒಂದೊಂದಾಗಿ ಅಳೆದು ಅಂಕೆಗಳನ್ನು ಬರೆದಿಟ್ಟವರಿಗೆ ತಮ್ಮ ಶ್ರಮದ ಫಲವನ್ನು ಕಾಣುವ ಭಾಗ್ಯವಿರಲಿಲ್ಲ. ಬಹುಕಾಲ ಆ ಸಂಪುಟಗಳು ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತವು. ಇಡೀ ಯೋಜನೆಯೇ ವ್ಯರ್ಥವಾಯಿತೆಂದು ಆಡಿದವರೂ ಉಂಟು.

ಆ ಮಾತು ಸುಳ್ಳಾದುದು ಹೇಗೆಂಬುದು ತಿಳಿಯಬೇಕಾದ ಸಂಗತಿ. ನಕ್ಷತ್ರಗಳನ್ನು ಅಳೆಯುವುದಕ್ಕೆಂದೇ ರಚಿತವಾದ ಮೊತ್ತಮೊದಲ ಉಪಗ್ರಹ ಹಿಪ್ಪಾರ್ಕೋಸ್ 1989ರ ಆಗಸ್ಟ್ 8ರಂದು ಮೇಲೇರಿತು. ಅದನ್ನು ಅಂತಿಮ ಕಕ್ಷೆಗೆ ಒಯ್ಯಬೇಕಾಗಿದ್ದ ಮೋಟಾರು ಹೊತ್ತಿಕೊಳ್ಳಲೇ ಇಲ್ಲ. ಉದ್ದೇಶಿಸಿದ ಕಕ್ಷೆ ತಪ್ಪಿ ಉಪಗ್ರಹವು ದೀರ್ಘವೃತ್ತದಲ್ಲಿ ಸಿಕ್ಕಿಬಿದ್ದು, ಭೂಮಿಯ ವಿಕಿರಣ ಪಟ್ಟಿಗಳನ್ನು ಪದೇ ಪದೇ ಹಾಯಬೇಕಾಯಿತು. ತಂಡದವರು ಎದೆಗುಂದದೆ ಹೆಚ್ಚಿನ ಭೂಕೇಂದ್ರಗಳನ್ನು ಜೋಡಿಸಿಕೊಂಡು, ಕಾರ್ಯಕ್ರಮಗಳನ್ನು ಮತ್ತೆ ಬರೆದು, 1993ರವರೆಗೆ ಅದರಿಂದ ಕೆಲಸ ತೆಗೆದರು. ಬಂದ ಮಾಹಿತಿಯನ್ನು ಎರಡು ತಂಡಗಳು ಪರಸ್ಪರ ಸ್ವತಂತ್ರವಾಗಿ ಲೆಕ್ಕಹಾಕಿ, ಫಲಗಳನ್ನು ತಾಳೆ ನೋಡಿ, 1,18,218 ನಕ್ಷತ್ರಗಳ ಪಟ್ಟಿಯನ್ನು 1997ರಲ್ಲಿ ಪ್ರಕಟಿಸಿದವು. ಅದೇ ಉಪಗ್ರಹದ ಇನ್ನೊಂದು ಉಪಕರಣದಿಂದ ದೊರೆತ 25 ಲಕ್ಷ ನಕ್ಷತ್ರಗಳ ಪಟ್ಟಿ 2000ದಲ್ಲಿ ಹೊರಬಂದಾಗ, ಅವು ಕಾಲಾಂತರದಲ್ಲಿ ಎಷ್ಟು ಸರಿದಿವೆಯೆಂದು ತಿಳಿಯಲು ಹಳೆಯ ಸ್ಥಾನಗಳು ಬೇಕಾದವು. ಆಗ ನೆರವಿಗೆ ಬಂದುದು ಶತಮಾನದ ಹಿಂದೆ ಆರಂಭವಾಗಿದ್ದ, ಹೈದರಾಬಾದಿನ ಪಾಲೂ ಸೇರಿದ್ದ ಅದೇ ಛಾಯಾಚಿತ್ರ ಪಟ್ಟಿ. ಅಳತೆ ಪ್ರಾಮಾಣಿಕವಾಗಿದ್ದರೆ ಅದಕ್ಕೆ ಮುಪ್ಪಿಲ್ಲ.

ಹಿಪ್ಪಾರ್ಕೋಸಿನ ಉತ್ತರಾಧಿಕಾರಿಯಾದ ಗಾಯಾ 2013ರ ಡಿಸೆಂಬರ್ 19ರಂದು ಫ್ರೆಂಚ್ ಗಯಾನಾದ ಕೌರೂವಿನಿಂದ ಹಾರಿ, ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಗೊಂಡಿತು. ಎರಡು ದಿಕ್ಕುಗಳನ್ನು ಏಕಕಾಲದಲ್ಲಿ ನೋಡುವ ಎರಡು ದೂರದರ್ಶಕಗಳನ್ನು ಹೊತ್ತು, ಆರು ಗಂಟೆಗೊಮ್ಮೆ ತನ್ನ ಸುತ್ತ ತಾನು ನಿಧಾನವಾಗಿ ತಿರುಗುತ್ತ ಅದು ಆಕಾಶವನ್ನು ಮತ್ತೆ ಮತ್ತೆ ಗುಡಿಸಿ ನೋಡಿತು. ಅದರ ಸೂಕ್ಷ್ಮತೆಯನ್ನು ಸಾವಿರ ಕಿಲೋಮೀಟರ್ ದೂರದಲ್ಲಿರುವ ಒಂದು ಕೂದಲೆಳೆಯ ದಪ್ಪವನ್ನು ಅಳೆಯುವುದಕ್ಕೆ ಹೋಲಿಸುತ್ತಾರೆ. 2025ರ ಜನವರಿ 15ರಂದು ವೀಕ್ಷಣೆ ಮುಗಿಯುವ ವೇಳೆಗೆ ಮೂರು ಲಕ್ಷ ಕೋಟಿ ಅಳತೆಗಳು ಸಂಗ್ರಹವಾಗಿದ್ದವು.

ಅಳತೆಗಳ ಈ ರಾಶಿಯಿಂದ ಪಟ್ಟಿ ತಾನಾಗಿಯೇ ಮೂಡುವುದಿಲ್ಲ. ಬಾರ್ಸಿಲೋನಾ, ಮ್ಯಾಡ್ರಿಡ್, ಕೇಂಬ್ರಿಜ್, ತೂಲೂಸ್, ಜಿನೀವಾ, ಟ್ಯೂರಿನ್ - ಈ ಆರು ಕೇಂದ್ರಗಳ ಗಣಕಗಳನ್ನು ಆಶ್ರಯಿಸಿ, ಸುಮಾರು 450 ವಿಜ್ಞಾನಿಗಳೂ ಎಂಜಿನಿಯರರೂ ವರ್ಷಗಟ್ಟಲೆ ದೋಷಗಳನ್ನು ಸೋಸಿದರು. ಈ ಶ್ರಮಕ್ಕೆ ಪ್ರತಿಯಾಗಿ ಪಟ್ಟಿಯನ್ನು ಮೊದಲು ತಾವು ಬಳಸಿಕೊಳ್ಳುವ ಹಕ್ಕು ಅವರಿಗಿರಲಿಲ್ಲ. 2016, 2018, 2020, 2022ರಲ್ಲಿ ಒಂದೊಂದು ಕಂತು ಹೊರಬಂದಾಗಲೂ ಅದು ಎಲ್ಲರಿಗೂ ಒಂದೇ ದಿನ, ಒಂದೇ ಗಳಿಗೆಯಲ್ಲಿ, ಬೆಲೆಯಿಲ್ಲದೆ ದೊರೆಯಿತು. ಭಾರತವು ಆ ಸಂಸ್ಥೆಯ ಸದಸ್ಯರಾಷ್ಟ್ರವಲ್ಲ. ಆದರೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸಂಶೋಧಕರು ಗಾಯಾದ ಅಂಕೆಗಳಿಂದ ನಕ್ಷತ್ರಗುಚ್ಛಗಳ ಸದಸ್ಯರನ್ನು ಗುರುತಿಸಿ, 2015ರಲ್ಲಿ ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದ ಮೂಲಕ ಅವುಗಳನ್ನು ಪರಿಶೀಲಿಸಿದ್ದಾರೆ. ಕೊಟ್ಟವರು ಕೇಳಲಿಲ್ಲ, ಪಡೆದವರು ಬೇಡಬೇಕಾಗಲಿಲ್ಲ.

ಇದಕ್ಕಿಂತಲೂ ಮೆಚ್ಚತಕ್ಕ ಗುಣವೊಂದಿದೆ. ಕ್ವೇಸಾರ್‌ಗಳೆಂಬ ಕಾಯಗಳು ಎಷ್ಟು ದೂರದಲ್ಲಿವೆಯೆಂದರೆ ಅವು ಕಿಂಚಿತ್ತೂ ಸರಿದಂತೆ ತೋರಬಾರದು. 2018ರ ಕಂತಿನಲ್ಲಿ ಅಂಥ ಐದು ಲಕ್ಷಕ್ಕೂ ಹೆಚ್ಚು ಕಾಯಗಳನ್ನು ಪರೀಕ್ಷಿಸಿದಾಗ ಅಳತೆಯಲ್ಲಿ ಒಂದು ಸೂಕ್ಷ್ಮವಾದ ತಪ್ಪು ಹೊರಬಿದ್ದಿತು. ಅದನ್ನು ಪತ್ತೆಮಾಡಿ, ಪಟ್ಟಿಯ ಜೊತೆಯಲ್ಲಿಯೇ ಜಗತ್ತಿಗೆ ಸಾರಿದವರು ತಂಡದವರೇ ಆಗಿದ್ದರು. ತಮ್ಮ ತಕ್ಕಡಿ ಎಷ್ಟು ವಾಲಿದೆಯೆಂದು ಗಿರಾಕಿಗೆ ತಾವೇ ಹೇಳಿ ತೂಗುವ ವರ್ತಕರು ಎಷ್ಟು ಮಂದಿ ಸಿಕ್ಕಾರು?

ಆಕ್ಷೇಪಣೆಗಳು ಇಲ್ಲವೆಂದಲ್ಲ. ತಯಾರಿಕೆ, ಉಡಾವಣೆ, ನಿರ್ವಹಣೆಗಳಿಗೆ ತಗಲಿದ ವೆಚ್ಚ ಸುಮಾರು 74 ಕೋಟಿ ಯೂರೋ. ಹಸಿದವರಿರುವ ಲೋಕದಲ್ಲಿ ನಕ್ಷತ್ರಗಳ ಲೆಕ್ಕವೇಕೆಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅದೇ ಹಣದಿಂದ ದೊರೆತುದನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ. ಒಂದೂವರೆ ಲಕ್ಷಕ್ಕೂ ಮಿಕ್ಕ ಕ್ಷುದ್ರಗ್ರಹಗಳ ಪಥಗಳು ನಿಖರವಾಗಿವೆ. ಆಕಾಶಗಂಗೆಯು ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಇನ್ನೊಂದು ಚಿಕ್ಕ ನಕ್ಷತ್ರಮಂಡಲವನ್ನು ನುಂಗಿ ಬೆಳೆದ ಕುರುಹು 2018ರಲ್ಲಿ ದೊರೆಯಿತು. ಈ ಪಟ್ಟಿಗಳನ್ನು ಆಧರಿಸಿದ ಪ್ರಬಂಧಗಳು 2025ರ ಆರಂಭಕ್ಕೆ ಹದಿಮೂರು ಸಾವಿರ. ಒಂದೇ ಬಾವಿಯಿಂದ ಇಷ್ಟು ಜನ ನೀರು ಸೇದಿದ ಮೇಲೆ, ಬಾವಿ ತೋಡಿದ ವೆಚ್ಚ ದುಬಾರಿಯೆನ್ನುವುದು ನ್ಯಾಯವಾಗದು.

ಎರಡನೆಯ ಆಕ್ಷೇಪಣೆ ಇನ್ನೂ ತೂಕದ್ದು. ಯೌವನದ ಹತ್ತು ವರ್ಷಗಳನ್ನು ದೋಷ ಸೋಸುವುದರಲ್ಲಿ ಕಳೆದ ತರುಣನಿಗೆ ಸ್ವಂತ ಹೆಸರಿನ ಶೋಧವಿರುವುದಿಲ್ಲ. ಅವನು ಕೊಟ್ಟ ಅಂಕೆಗಳಿಂದ ಬೇರೊಬ್ಬನು ಕೀರ್ತಿವಂತನಾಗುತ್ತಾನೆ. ಇದಕ್ಕೆ ಪರಿಹಾರ ಅಂಕೆಗಳನ್ನು ಬಚ್ಚಿಡುವುದಲ್ಲ. ಅಳೆಯುವ ಕೆಲಸಕ್ಕೂ ಶೋಧನೆಗೆ ಸಮಾನವಾದ ಗೌರವವನ್ನು, ಹುದ್ದೆಯನ್ನು, ವೇತನವನ್ನು ಕಲ್ಪಿಸುವುದು. ಈ ಹೊಣೆ ವಿಜ್ಞಾನ ಸಂಸ್ಥೆಗಳ ಮೇಲಿದೆ. ಅದಿನ್ನೂ ಪೂರ್ಣವಾಗಿ ಸಂದಾಯವಾಗಿಲ್ಲ.

2025ರ ಮಾರ್ಚ್ 27ರಂದು ಗಾಯಾವನ್ನು ಶಾಶ್ವತವಾಗಿ ಆರಿಸುವ ಮುನ್ನ ಅದರ ಸ್ಮೃತಿಕೋಶದಲ್ಲಿದ್ದ ಕೆಲವು ತಂತ್ರಾಂಶಗಳನ್ನು ಅಳಿಸಿ, ಅವುಗಳ ಸ್ಥಾನದಲ್ಲಿ ಆ ಕಾರ್ಯಕ್ಕಾಗಿ ದುಡಿದ ಸುಮಾರು 1500 ಮಂದಿಯ ಹೆಸರುಗಳನ್ನು ಬರೆಯಲಾಯಿತು. ಯಾರೂ ಓದಲಾರದ ಸ್ಥಳದಲ್ಲಿ ಬರೆದ ಆ ಹೆಸರುಗಳು ಸಮುದಾಯವು ತನ್ನವರಿಗೆ ಸಲ್ಲಿಸಿದ ಗೌರವ. ನೆಲದ ಮೇಲಿನ ಕೆಲಸವಾದರೋ ಮುಗಿದಿಲ್ಲ: ಐದೂವರೆ ವರ್ಷಗಳ ಅಳತೆಗಳನ್ನೊಳಗೊಂಡ ನಾಲ್ಕನೆಯ ಪಟ್ಟಿಗೆ 2026ರ ಡಿಸೆಂಬರನ್ನು ಗೊತ್ತುಪಡಿಸಲಾಗಿದ್ದು, ಸಮಗ್ರ ಪಟ್ಟಿ ಈ ದಶಕದ ಕೊನೆಗೆ ಸಿದ್ಧವಾಗಬೇಕಾಗಿದೆ.

ಕಲಿಸುವವರಿಗೂ ಕಲಿಕೆಗೆ ಕೊಡುವವರಿಗೂ ಇದರಲ್ಲಿ ಅರ್ಥವಿದೆ. ಪಾಠ ಹೇಳಿದ ಉಪಾಧ್ಯಾಯನ ಹೆಸರು ಶಿಷ್ಯನ ಸಾಧನೆಯ ಮೇಲೆ ಅಚ್ಚಾಗುವುದಿಲ್ಲ. ಪ್ರಯೋಗಶಾಲೆಗೆ ಧನವಿತ್ತವರು ಅಲ್ಲಿ ಮುಂದೆ ಕಲಿಯಲಿರುವ ಮಕ್ಕಳನ್ನೆಲ್ಲ ಕಾಣಲಾರರು. ಪ್ರಯೋಗದ ಪುಸ್ತಕದಲ್ಲಿ ಬಂದ ಉತ್ತರವನ್ನೇ ಬರೆಯಬೇಕು, ಬರಬೇಕಾದ ಉತ್ತರವನ್ನಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಿದರೆ, ನಕ್ಷತ್ರಗಳನ್ನು ಅಳೆದವರ ಪರಂಪರೆಗೆ ಸೇರಲು ಬೇಕಾದ ಮೊದಲ ಅರ್ಹತೆಯನ್ನು ಅವರಿಗೆ ಕೊಟ್ಟಂತಾಗುತ್ತದೆ.